ಒಂಬತ್ತು ಗೆಡ್ಡೆ, ಒಂದು ಮಾತು

ಅಕ್ಕನಿಗೆ ಮಾತು ನಿಂತು ಐದು ತಿಂಗಳಾದ ಮೇಲೆ ಮೊದಲು ಹೊರಬಿದ್ದ ಪದ ‘ಬಾಯಿ’. ಅದನ್ನು ಕೇಳಿದ ದಿನ ನಾನು ಅಡುಗೆಮನೆಗೆ ಹೋಗಿ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತಿದ್ದೆ. ಎರಡು ವಾರ ಕಳೆಯುವಷ್ಟರಲ್ಲಿ ಅದೇ ಪದ ಕಿವಿಗೆ ಬಿದ್ದರೆ ಮೈ ಉರಿಯುವ ಹಾಗಾಗಿತ್ತು. ದಿನಕ್ಕೆ ನಲವತ್ತು ಸಲ, ಐವತ್ತು ಸಲ, ಬಾಯಿ, ಬಾಯಿ, ಬಾಯಿ. ನಾನೇನು ದೇವತೆಯಲ್ಲ. ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ನಿಂತೇ ಹಾಸಿಗೆ ಬಟ್ಟೆ ಇಸ್ತ್ರಿ ಮಾಡಿ, ಮನೆಗೆ ಬಂದು ಮತ್ತೆ ಹಾಸಿಗೆ ಬಟ್ಟೆಯನ್ನೇ ಒಗೆಯುವವಳು.

ಅಕ್ಕ ಅಂದರೆ ಒಂದು ಕಾಲಕ್ಕೆ ಊರಿಗೆಲ್ಲ ಗೊತ್ತಿದ್ದ ದನಿ. ಇಪ್ಪತ್ತೊಂಬತ್ತು ವರ್ಷ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ, ಯಾವುದು ಎಷ್ಟು ತಡ ಎಂದು ಹೇಳಿದವಳು. ನಿವೃತ್ತಿಯಾದ ಮೇಲೂ ಅವಳ ಬಾಯಿಗೆ ಬಿಡುವಿರಲಿಲ್ಲ. ನನಗೋ ಚಿಕ್ಕಂದಿನಿಂದಲೂ ಮಾತು ಕಡಿಮೆ. ಅದಕ್ಕೇ ಅವಳು ನನಗಿಟ್ಟ ಹೆಸರು ‘ಮೂಗಿ’. ಗಂಡ ತೀರಿಕೊಂಡ ಮೇಲೆ ನಾನು ಅವಳ ಮೂರನೇ ಮಹಡಿಯ ಮನೆಗೆ ಬಂದು ಸೇರಿ ಹನ್ನೊಂದು ವರ್ಷ. “ನಿನ್ನ ಪಾಲಿನ ಮಾತನ್ನೂ ನಾನೇ ಆಡಿ ಮುಗಿಸ್ತಿದ್ದೀನಿ ಮೂಗಿ” ಎನ್ನುತ್ತಿದ್ದಳು. ಅಪರೂಪಕ್ಕೆ ನಾನು ವಾದಕ್ಕೆ ನಿಂತರೆ ತೋರುಬೆರಳನ್ನು ನನ್ನ ತುಟಿಗೆ ಒತ್ತಿ “ಬಾಯಿ ಮುಚ್ಚು” ಅನ್ನುತ್ತಿದ್ದಳು. ಅಲ್ಲಿಗೆ ವಾದ ಮುಗಿಯುತ್ತಿತ್ತು.

ಅವಳ ಇನ್ನೊಂದು ಹುಚ್ಚು ಬೆಗೋನಿಯಾ. ಬಾಲ್ಕನಿಯಲ್ಲಿ ಹನ್ನೊಂದು ಕುಂಡ. ಬೇಸಿಗೆಯುದ್ದಕ್ಕೂ ಅಂಗೈಯಗಲದ ಹೂವು, ಕೆಂಪು, ಕಿತ್ತಳೆ, ಒಂದರಲ್ಲಿ ಮಾತ್ರ ಹಾಲಿನ ಬಿಳುಪು. ಗೆಡ್ಡೆಯಿಂದ ಬರುವ ಗಿಡ ಇದು. ಚಳಿ ಬಿದ್ದರೆ ನೆಲದ ಮೇಲಿನದೆಲ್ಲ ಸಾಯುತ್ತದೆ. ಗೆಡ್ಡೆಯನ್ನು ಎತ್ತಿ, ಒಣಗಿಸಿ, ಚಳಿಗಾಲ ಮುಗಿಯುವ ತನಕ ಕತ್ತಲಲ್ಲಿ ಮಲಗಿಸಿ, ಆಮೇಲೆ ಎಬ್ಬಿಸಬೇಕು. ಆ ಕೆಲಸಕ್ಕೆ ಅಕ್ಕ ನನ್ನನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಕೆಲಸ ಮಾಡುತ್ತ ವಿವರಿಸುವುದನ್ನು ಮಾತ್ರ ಬಿಡುತ್ತಿರಲಿಲ್ಲ. ನಾನು ಎದುರಿಗೆ ಕೂತು ಬಟ್ಟೆ ಮಡಚುತ್ತ ಹೂಂಗುಟ್ಟುತ್ತಿದ್ದೆ. ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟದ್ದೇ ಹೆಚ್ಚು.

ಹೋದ ವರ್ಷ ಎಲೆಗಳು ಹಳದಿಯಾಗುವ ಹೊತ್ತಿಗೆ ಅವಳಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು, ಮಾತು, ಮೂರೂ ಒಂದೇ ಬೆಳಿಗ್ಗೆ ಹೋದವು. ಐದು ವಾರ ಆಸ್ಪತ್ರೆಯಲ್ಲಿದ್ದಳು. ನಾನು ಕೆಲಸ ಮಾಡುವ ಆಸ್ಪತ್ರೆಯೇ ಅದು; ಕೆಳಗೆ ನಾನು ಇಸ್ತ್ರಿ ಮಾಡಿದ ಬಟ್ಟೆ ಹಾಸಿಕೊಂಡೇ ಅವಳು ಮೇಲಿನ ವಾರ್ಡಿನಲ್ಲಿ ಮಲಗಿದ್ದಳು. ಪಾಳಿ ಮುಗಿಸಿ ಮೇಲೆ ಹೋಗಿ ಅವಳ ಹಾಸಿಗೆಯ ಮೂಲೆಗಳನ್ನು ಸರಿಯಾಗಿ ಮಡಚಿ ಒಳಗೆ ಸಿಕ್ಕಿಸುತ್ತಿದ್ದೆ. ಬೇರೆ ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ.

ಆ ದಿನಗಳಲ್ಲೇ ಒಂದು ಸಂಜೆ ರೇಡಿಯೋದಲ್ಲಿ ಮರುದಿನ ಹಿಮ ಬೀಳುತ್ತದೆ ಎಂದರು. ಬಾಲ್ಕನಿಗೆ ಹೋದರೆ ಹನ್ನೊಂದು ಕುಂಡಗಳಲ್ಲೂ ದಂಟುಗಳು ಜೋತುಬಿದ್ದಿದ್ದವು. ಕಾಲು ಸೇದುತ್ತಿತ್ತು, ಊಟ ಆಗಿರಲಿಲ್ಲ, ಹಾಳಾಗಿ ಹೋಗಲಿ ಅನ್ನಿಸಿತು. ಆದರೆ ಅಕ್ಕ ಮನೆಗೆ ಬಂದು ಸತ್ತ ಕುಂಡಗಳನ್ನು ನೋಡುವುದು ಕಣ್ಣಿಗೆ ಕಟ್ಟಿತು. ನೆನಪಿಗೆ ಬಂದದ್ದು ಮೂರೇ ಮಾತು. ನೀರು ನಿಲ್ಲಿಸಬೇಕು. ದಂಟನ್ನು ಕೀಳಬಾರದು, ತಾನಾಗಿ ಕಳಚಬೇಕು, ಕಿತ್ತರೆ ಗಾಯವಾಗಿ ಗೆಡ್ಡೆ ಕೊಳೆಯುತ್ತದೆ. ತೇವ ಅಂದರೆ ಗೆಡ್ಡೆಗೆ ಯಮ. ಹೀಗಾಗಿ ಮಣ್ಣಿನ ಸಮೇತ ಎತ್ತಿ ಅಡುಗೆಮನೆಯ ಕಿಟಕಿಯ ಕೆಳಗೆ ಹಳೇ ಪತ್ರಿಕೆ ಹಾಸಿ ಸಾಲಾಗಿ ಇಟ್ಟೆ.

ದಂಟುಗಳು ಒಂದೊಂದಾಗಿ ಕಳಚಿದವು. ಬೆಳಿಗ್ಗೆ ಎದ್ದು ದೀಪ ಹಾಕಿದರೆ ಪತ್ರಿಕೆಯ ಮೇಲೆ ಒಂದು ಬಿದ್ದಿರುತ್ತಿತ್ತು. ಎತ್ತಿ ಕಸದ ಬುಟ್ಟಿಗೆ ಹಾಕಿ ಕೆಲಸಕ್ಕೆ ಓಡುತ್ತಿದ್ದೆ. ಎರಡು ಮಾತ್ರ ಹಟ ಹಿಡಿದು ಕೂತಿದ್ದವು. ಒಂದು ದಿನ ಸಹನೆ ಕೆಟ್ಟು ಅವನ್ನು ಕಿತ್ತೇಬಿಟ್ಟೆ. ಅಕ್ಕನನ್ನು ಮನೆಗೆ ಕರೆತಂದ ಮೇಲಿನ ಭಾನುವಾರ ಒಣಗಿದ ಮಣ್ಣನ್ನೆಲ್ಲ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆದೆ. ಒಳಗಿದ್ದದ್ದು ಕಂದು ಬಣ್ಣದ, ಒಂದು ಕಡೆ ಉಬ್ಬಿದ, ಇನ್ನೊಂದು ಕಡೆ ತಗ್ಗಿದ ಗೆಡ್ಡೆ, ಮೇಲೆ ಯಾರೋ ಕೂತೆದ್ದ ಬನ್ನಿನ ಹಾಗೆ. ದಂಟು ಯಾವ ಕಡೆಯಿಂದ ಕಳಚಿತ್ತು ಎಂದು ನಾನು ನೋಡಿರಲಿಲ್ಲ. ನೋಡಬೇಕೆಂದು ಹೊಳೆಯಲೂ ಇಲ್ಲ.

ಕೆಳಗಿನ ಮನೆಯ ಬಡಗಿ ಒಂದು ಚೀಲ ಒಣ ಮರದ ಹೊಟ್ಟು ಕೊಟ್ಟ. ಚಪ್ಪಲಿ ಡಬ್ಬಗಳಲ್ಲಿ ಹೊಟ್ಟು ತುಂಬಿ, ಒಂದಕ್ಕೊಂದು ತಾಗದಂತೆ ಗೆಡ್ಡೆ ಹೂತು, ನೆಲಮಾಳಿಗೆಯಲ್ಲಿ ಸೈಕಲ್ಲುಗಳ ಹಿಂದಿನ ಹಲಗೆಯ ಮೇಲಿಟ್ಟೆ. ಅಲ್ಲಿ ತಣ್ಣಗಿರುತ್ತದೆ, ಆದರೆ ನೀರು ಹೆಪ್ಪುಗಟ್ಟುವಷ್ಟಲ್ಲ. ತಿಂಗಳಿಗೊಮ್ಮೆ ಇಳಿದು ಒಂದೊಂದನ್ನೂ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದೆ. ಎರಡನೇ ಸಲ ಎರಡು ಗೆಡ್ಡೆ ಪಿಚಕ್ಕೆಂದವು, ನಾತ ಬೇರೆ. ನಾನು ದಂಟು ಕಿತ್ತ ಆ ಎರಡೇ. ಅಕ್ಕನಿಗೆ ಹೇಳಲಿಲ್ಲ. ಹೇಳಿದರೂ ಅವಳಿಗೆ ಗೊತ್ತಾಗುತ್ತದೋ ಇಲ್ಲವೋ ನನಗೇ ಗೊತ್ತಿರಲಿಲ್ಲ.

ನಾನು ಕೆಲಸಕ್ಕೆ ಹೋದಾಗ ಅಕ್ಕನನ್ನು ನೋಡಿಕೊಳ್ಳಲು ಆಸ್ಪತ್ರೆಯವರು ಐದು ತಿಂಗಳ ಮಟ್ಟಿಗೆ ಒಬ್ಬಾಕೆಯನ್ನು ಕಳಿಸುತ್ತಿದ್ದರು. ಅವಳಿಗೆ ನಾನು ಮನಸ್ಸಿನಲ್ಲೇ ‘ಗಡಿಯಾರ’ ಎಂದು ಹೆಸರಿಟ್ಟಿದ್ದೆ. ಎರಡು ಹೊಡೆದರೆ ಸಾಕು, ಕೈಯಲ್ಲಿದ್ದ ಚಮಚವನ್ನು ಅಲ್ಲೇ ಇಟ್ಟು ಹೊರಡುತ್ತಿದ್ದಳು. ನಾನು ಬಸ್ಸಿಳಿದು ಮೆಟ್ಟಿಲು ಹತ್ತುವಾಗ ಎರಡೂವರೆ. ಆ ಅರ್ಧ ಗಂಟೆ ಅಕ್ಕ ಒಬ್ಬಳೇ ಕಿಟಕಿಯ ಬಳಿ ಕುರ್ಚಿಯಲ್ಲಿ ಇರುತ್ತಿದ್ದಳು.

ಚಳಿ ಸಡಿಲವಾದ ವಾರ ಗೆಡ್ಡೆಗಳನ್ನು ಮೇಲೆ ತಂದೆ. ಅಕ್ಕನ ಎದುರಿನ ಮೇಜಿನ ಮೇಲೆ ಅಗಲವಾದ ಟ್ರೇ ಇಟ್ಟು, ಸಡಿಲ ಮಣ್ಣು ಹರಡಿ, ಸ್ವಲ್ಪ ನೀರು ಚಿಮುಕಿಸಿದೆ. ಯಾವ ಕಡೆ ಮೇಲಿಡುವುದು? ಕೂತು ಯೋಚಿಸಿದೆ. ತಗ್ಗು ಮೇಲಾದರೆ ಅದರಲ್ಲಿ ನೀರು ನಿಲ್ಲುತ್ತದೆ, ನಿಂತರೆ ಕೊಳೆಯುತ್ತದೆ. ಎರಡು ಕೊಳೆಸಿದ್ದು ಸಾಕಾಗಿತ್ತು. ತಗ್ಗನ್ನು ಕೆಳಗೆ ಮಾಡಿ, ಉಬ್ಬನ್ನು ಮೇಲೆ ಮಾಡಿ, ಬಹಳ ಜಾಗ್ರತೆಯಿಂದ ಒಂದು ಇಟ್ಟೆ. ಎರಡು ಇಟ್ಟೆ. ಮೂರನೆಯದು ಇಡುವಾಗ ಅಕ್ಕ ಎಡಗೈ ಮುಂದೆ ಚಾಚಿ, ಮುಖ ಕೆಂಪಗೆ ಮಾಡಿಕೊಂಡು, ಎಲ್ಲಿಂದಲೋ ಎಳೆದು ತಂದ ಹಾಗೆ ಹೇಳಿದಳು: “ಬಾಯಿ.”

ನಾನು ಮಣ್ಣಿನ ಕೈಯಲ್ಲೇ ಎದ್ದು ಹೋಗಿ ನೀರು ತಂದು, ಚಾಚಿದ ಆ ಕೈಗೆ ಲೋಟ ಹಿಡಿಸಿದೆ. ಅವಳು ಕುಡಿಯಲಿಲ್ಲ. “ಬಾಯಿ” ಎಂದಳು ಮತ್ತೆ. ಆಗಲೇ ನಾನು ಅಡುಗೆಮನೆಗೆ ಹೋಗಿ ಅತ್ತದ್ದು. ಆಮೇಲೆ ಬಂದು ಉಳಿದ ಆರನ್ನೂ ಹಾಗೇ ಇಟ್ಟು, ಟ್ರೇಯನ್ನು ಬೆಳಕು ಬೀಳುವ ಎತ್ತರದ ಹಲಗೆಗೆ ಸಾಗಿಸಿದೆ.

ಅಲ್ಲಿಂದ ಶುರುವಾಯಿತು ಬಾಯಿಯ ಕಥೆ. ಬಾಯಾರಿಕೆಯೇನೋ ಎಂದು ಗಂಟೆಗೊಮ್ಮೆ ನೀರು ಕೊಟ್ಟೆ, ಅದರ ಫಲವಾಗಿ ಹಾಸಿಗೆ ಬಟ್ಟೆ ಇನ್ನೆರಡು ಸಲ ಬದಲಾಯಿಸಬೇಕಾಯಿತು. ಬಾಯಿಹುಣ್ಣೇನೋ ಎಂದು ಟಾರ್ಚ್ ಹಾಕಿ ನೋಡಿದೆ. ಬಡಗಿಯ ಕೈಕಾಲು ಹಿಡಿದು ಅವಳನ್ನು ಕುರ್ಚಿ ಸಮೇತ ಮೂರು ಮಹಡಿ ಇಳಿಸಿ ಹಲ್ಲಿನ ಡಾಕ್ಟರ ಹತ್ತಿರ ಒಯ್ದೆ. “ನಿಮ್ಮ ಹಲ್ಲಿಗಿಂತ ಇವರ ಹಲ್ಲೇ ಗಟ್ಟಿಯಾಗಿವೆ” ಎಂದು ಆತ ನಕ್ಕ. ಮನೆಗೆ ಬಂದರೆ ಅವಳು ಹಲಗೆಯ ಕಡೆ ಮುಖ ತಿರುಗಿಸಿ ಮತ್ತೆ “ಬಾಯಿ.”

ವಾರಕ್ಕೊಮ್ಮೆ ಮಾತು ಕಲಿಸಲು ಬರುವ ಟೀಚರಿಗೆ ಹೇಳಿದೆ. ಅವರು ಚಿತ್ರದ ಕಾರ್ಡುಗಳನ್ನು ಹರಡಿ, ಬಾಯಿಯ ಚಿತ್ರ ಎತ್ತಿ ತೋರಿಸಿದರು. ಅಕ್ಕ ಎಡಗೈಯಿಂದ ಎಲ್ಲ ಕಾರ್ಡುಗಳನ್ನೂ ನೆಲಕ್ಕೆ ತಳ್ಳಿಬಿಟ್ಟಳು. ಟೀಚರ್ ಬೇಜಾರು ಮಾಡಿಕೊಳ್ಳದೆ ಹೆಕ್ಕಿಕೊಂಡರು.

“ಕೆಲವರಿಗೆ ಒಂದು ಪದ ಹೀಗೆ ಸಿಕ್ಕಿಹಾಕ್ಕೊಂಡುಬಿಡುತ್ತೆ” ಎಂದರು. “ಅದಕ್ಕೊಂದು ಅರ್ಥ ಇದ್ದೇ ಇರುತ್ತೆ ಅಂತ ಹೇಳೋಕಾಗಲ್ಲ. ನೀವು ತುಂಬ ತಲೆ ಕೆಡಿಸ್ಕೋಬೇಡಿ.”

ಅದನ್ನು ಫೋನಿನಲ್ಲಿ ನಮ್ಮ ತಮ್ಮನಿಗೆ ಹೇಳಿದ್ದೇ ತಡ, ಅವನು ಕಾಗದ ಹಿಡಿದುಕೊಂಡು ಬಂದ. ಅವನು ಕಾರು ಓಡಿಸುವುದನ್ನು ಕಲಿಸುವವನು. ಪಕ್ಕದ ಸೀಟಿನಲ್ಲಿ ಕೂತು ಬೇರೆಯವರ ಬ್ರೇಕನ್ನು ತಾನು ಒತ್ತುವುದು ಅವನ ಕಸುಬು, ಮನೆ ವಿಷಯದಲ್ಲೂ ಅದನ್ನೇ ಮಾಡುತ್ತಾನೆ. ಊರಾಚೆಯ ಆರೈಕೆ ಮನೆಯೊಂದರಲ್ಲಿ ಒಂದು ಹಾಸಿಗೆ ಖಾಲಿಯಾಗಿದೆಯಂತೆ. ತಿಂಗಳ ಕೊನೆಗೆ ಗಡಿಯಾರದ ಐದು ತಿಂಗಳೂ ಮುಗಿಯುತ್ತವೆ. ಅಕ್ಕನ ಜೊತೆ ವಾಸವಿರುವವಳು ನಾನಾದ್ದರಿಂದ ಅವಳನ್ನು ಅಲ್ಲಿಗೆ ಸೇರಿಸುವ ಆ ಕಾಗದಕ್ಕೆ ನನ್ನ ಸಹಿ ಬೇಕು, ಭಾನುವಾರದೊಳಗೆ.

“ನೀನೇ ಕನ್ನಡೀಲಿ ನೋಡ್ಕೋ ಚಿಕ್ಕಕ್ಕ” ಎಂದ. “ಇನ್ನೊಂದು ವರ್ಷ ಹೀಗೇ ಹೋದ್ರೆ ನಿನ್ನನ್ನೂ ಅಲ್ಲಿಗೇ ಸೇರಿಸ್ಬೇಕಾಗುತ್ತೆ.”

“ಅವಳಿಗೆ ಬೇಜಾರಾಗಲ್ವಾ?”

“ಅವಳಿಗೆ ಎಲ್ಲಿ ಗೊತ್ತಾಗುತ್ತೆ? ಟೀಚರೇ ಹೇಳಿದ್ರಲ್ಲ. ಒಳಗೆ ಏನೂ ಉಳಿದಿಲ್ಲ.”

ಅಕ್ಕ ಎರಡಡಿ ದೂರದಲ್ಲಿ ಕೂತಿದ್ದಳು. “ಬಾಯಿ” ಎಂದಳು.

“ನೋಡಿದ್ಯಾ” ಎಂದ ತಮ್ಮ.

ನಿಜ ಹೇಳಿಬಿಡುತ್ತೇನೆ. ಅವನ ಮಾತು ಸರಿಯಾಗಿರಲಿ ಎಂದೇ ನನಗೆ ಆಸೆಯಿತ್ತು. ಅಕ್ಕ ಒಳಗೆ ಇಲ್ಲ ಎಂದಾದರೆ ನಾನು ಸಹಿ ಹಾಕಬಹುದು, ಹಾಕಿ ಎಂಟು ಗಂಟೆ ಒಟ್ಟಿಗೆ ನಿದ್ದೆ ಮಾಡಬಹುದು. ಅವಳು ಒಳಗೆ ಇದ್ದಾಳೆ ಎಂದಾದರೆ ಆಗುವುದಿಲ್ಲ. ಇಷ್ಟೇ ಲೆಕ್ಕ. ಕಾಗದವನ್ನು ಚಮಚಗಳ ಡ್ರಾಯರಿನಲ್ಲಿ ಇಟ್ಟೆ. ಊಟಕ್ಕೆ ಕೂರುವಾಗಲೆಲ್ಲ ಅದು ಕಣ್ಣಿಗೆ ಬೀಳುತ್ತಿತ್ತು.

ಶನಿವಾರ ಎರಡೂವರೆಗೆ ಮೆಟ್ಟಿಲು ಹತ್ತಿ ಬಂದೆ. ಆವತ್ತು ಇಸ್ತ್ರಿ ಯಂತ್ರ ಕೆಟ್ಟು ಅರ್ಧ ಕೆಲಸ ಕೈಯಲ್ಲೇ ಆಗಿತ್ತು, ಭುಜ ಎತ್ತಲಾಗುತ್ತಿರಲಿಲ್ಲ. ಅಕ್ಕ ಒದ್ದೆಯಾಗಿದ್ದಳು. ಬಟ್ಟೆ ಬದಲಾಯಿಸಿ, ಒರೆಸಿ, ಮತ್ತೆ ಕೂರಿಸುವಷ್ಟರಲ್ಲಿ ಹನ್ನೆರಡು ಸಲ ಬಾಯಿ ಎಂದಳು. ಎಣಿಸಿದೆ. ಹದಿಮೂರನೆಯ ಸಲಕ್ಕೆ ನನ್ನೊಳಗೆ ಏನೋ ಕಿತ್ತುಹೋಯಿತು.

“ಬಾಯಿ ಮುಚ್ಚು ಅಕ್ಕ” ಎಂದೆ. ದನಿ ಏರಿಸಿರಲಿಲ್ಲ, ಅದಕ್ಕೆ ಶಕ್ತಿಯೂ ಇರಲಿಲ್ಲ. “ಸಾಕು. ನಂಗೆ ಸಾಕಾಗಿದೆ. ಬಾಯಿ ಮುಚ್ಚು.”

ಅವಳು ಮುಚ್ಚಿದಳು. ನನ್ನನ್ನೇ ನೋಡುತ್ತ ಕೂತಳು. ಆ ನೋಟದಿಂದ ತಪ್ಪಿಸಿಕೊಳ್ಳಲು ನನಗೊಂದು ಕೆಲಸ ಬೇಕಾಗಿತ್ತು. ಹಲಗೆಯ ಮೇಲಿನ ಟ್ರೇ ಕಾಣಿಸಿತು. ಮೂರು ವಾರವಾಗಿತ್ತು, ಒಂದು ಹಸಿರು ಚುಕ್ಕೆ ಇಲ್ಲ. ಇವೂ ಸತ್ತಿವೆ, ಎಲ್ಲವೂ ಸತ್ತಿದೆ ಎಂದುಕೊಂಡು ಕಸದ ಚೀಲಕ್ಕೆ ಸುರಿಯಲು ಟ್ರೇಯನ್ನು ಎತ್ತಿಕೊಂಡು ಹೊರಟೆ.

ಕುರ್ಚಿಯ ಪಕ್ಕ ಹಾದುಹೋಗುವಾಗ ಅಕ್ಕನ ಎಡಗೈ ಟ್ರೇಯ ಅಂಚನ್ನು ಹಿಡಿಯಿತು. “ಬಿಡು” ಎಂದೆ. ಬಿಡಲಿಲ್ಲ. ನಾನು ಎಳೆದೆ, ಅವಳೂ ಎಳೆದಳು. ಟ್ರೇ ವಾಲಿ ಮಣ್ಣು, ಗೆಡ್ಡೆ ಎಲ್ಲ ನಾನು ಆಗತಾನೇ ಅವಳ ಮಡಿಲಿಗೆ ಹೊದಿಸಿದ ಒಗೆದ ಬಟ್ಟೆಯ ಮೇಲೆ ಬಿದ್ದವು. ನನಗೆ ಅಲ್ಲೇ ನೆಲದ ಮೇಲೆ ಕೂತುಬಿಡೋಣ ಅನ್ನಿಸಿತು. ಕೂತೇಬಿಟ್ಟೆ.

ಅಕ್ಕ ಮಡಿಲಿನಿಂದ ಒಂದು ಗೆಡ್ಡೆ ಎತ್ತಿಕೊಂಡಳು. ಹೆಬ್ಬೆರಳಿನಿಂದ ಮಣ್ಣು ಸವರಿದಳು. ಆಮೇಲೆ ಅದನ್ನು ಮಡಿಲಲ್ಲಿ ಬುಡಮೇಲು ಮಾಡಿ ಇಟ್ಟು, ತಗ್ಗಿನೊಳಗೆ ತೋರುಬೆರಳಿಟ್ಟು, ಟೀಚರು ಚಿತ್ರ ತೋರಿಸುವಷ್ಟೇ ನಿಧಾನವಾಗಿ ಹೇಳಿದಳು:

“ಬಾಯಿ.”

ಮಂಡಿಯೂರಿ ಹತ್ತಿರ ಹೋದೆ. ತಗ್ಗಿನ ನಡುವಿನಿಂದ ಮೂರು ಮೊಳಕೆಗಳು ಹೊರಟಿದ್ದವು. ಬಿಳಿಚಿಕೊಂಡ ಗುಲಾಬಿ ಬಣ್ಣ. ಮೇಲಕ್ಕೆ ದಾರಿ ಸಿಗದೆ ಟ್ರೇಯ ತಳಕ್ಕೆ ಒತ್ತಿ ಚಪ್ಪಟೆಯಾಗಿ, ಪಕ್ಕಕ್ಕೆ ಬಾಗಿ ಒದ್ದಾಡಿದ್ದವು. ಇನ್ನೊಂದನ್ನು ತಿರುಗಿಸಿದೆ, ಅದರಲ್ಲೂ ಎರಡು. ಅಕ್ಕ ಮೂರನೆಯದನ್ನು ತಾನೇ ತಿರುಗಿಸಿ “ಬಾಯಿ” ಎಂದಳು.

ಆಗ ನೆನಪಾಯಿತು. ಪ್ರತಿ ವರ್ಷ ಇದೇ ಮೇಜಿನ ಮುಂದೆ, ನಾನು ಬಟ್ಟೆ ಮಡಚುತ್ತಿದ್ದಾಗ, ಬೇಕೆಂದೇ ಮೈಕಿನ ದನಿ ಮಾಡಿ ಅವಳು ಹೇಳುತ್ತಿದ್ದ ಮಾತು. “ಪ್ರಯಾಣಿಕರ ಗಮನಕ್ಕೆ. ಬಾಯಿ ಮೇಲೆ, ಬೆನ್ನು ಕೆಳಗೆ. ಬಾಯಿ ಮೇಲೆ, ಬೆನ್ನು ಕೆಳಗೆ.” ಹನ್ನೊಂದು ವರ್ಷ ಹೂಂಗುಟ್ಟಿದ್ದೆ.

ಸಂತೋಷವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮೊದಲು ಆದದ್ದು ಭಯ. ಅವಳು ಒಳಗೆ ಇದ್ದಾಳೆ. ಮೂರು ವಾರವಲ್ಲ, ಅಷ್ಟೂ ತಿಂಗಳು ಇದ್ದಳು. ಒಳಗೆ ಏನೂ ಉಳಿದಿಲ್ಲ ಎಂದು ತಮ್ಮ ಹೇಳಿದಾಗ ಎರಡಡಿ ದೂರದಲ್ಲಿ ಕೇಳಿಸಿಕೊಂಡಳು. ನಾನು ತಮ್ಮನಿಗೆ ಫೋನಿನಲ್ಲಿ “ಇದ್ದೂ ಇಲ್ಲದ ಹಾಗೆ” ಎಂದಾಗ ಕೇಳಿಸಿಕೊಂಡಳು. ಬಾಯಿ ಮುಚ್ಚು ಎಂದಾಗಲೂ. ಅಷ್ಟೆಲ್ಲ ಕೇಳಿದರೂ, ತನ್ನ ಬಗ್ಗೆ ಒಂದು ಮಾತೂ ಎತ್ತದೆ, ಕೈಗೆ ಸಿಕ್ಕಿದ್ದ ಒಂದೇ ಪದವನ್ನು ಆ ಒಂಬತ್ತು ಗೆಡ್ಡೆಗಳಿಗೇ ಖರ್ಚು ಮಾಡಿದ್ದಳು. ಒಂದು ಕ್ಷಣ, ಒಂದೇ ಕ್ಷಣ, ಅವಳು ಆ ಗೆಡ್ಡೆಯನ್ನು ತಿರುಗಿಸದೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ನಾಚಿಕೆಯಾಯಿತು. ಆದರೂ ಅನ್ನಿಸಿದ್ದು ನಿಜ.

ಮಣ್ಣನ್ನೆಲ್ಲ ಗುಡಿಸಿ ಟ್ರೇಗೆ ತುಂಬಿದೆ. ಅವಳು ಒಂದೊಂದನ್ನೂ ಎಡಗೈಯಲ್ಲಿ ಎತ್ತಿ ಕೊಟ್ಟಳು, ನಾನು ಬಾಯಿ ಮೇಲೆ ಮಾಡಿ ಇಟ್ಟೆ. ಹಾಲುಬಿಳುಪಿನದು ಯಾವುದೆಂದು ಕೇಳಿದೆ. ನನಗೆ ಎಲ್ಲವೂ ಒಂದೇ ಥರ ಕಾಣುತ್ತಿದ್ದವು. ಅವಳು ನೋಡಿ ನೋಡಿ, ಇದ್ದುದರಲ್ಲೇ ಸಣ್ಣದನ್ನು ಮುಟ್ಟಿದಳು.

ಭಾನುವಾರ ತಮ್ಮ ಬಂದ. ನಾನು ನಡೆದದ್ದನ್ನು ಹೇಳಿದೆ. ಅವನು ಕುರ್ಚಿಯಲ್ಲಿ ಕೂತು, ಇಲ್ಲದ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಕೇಳಿದ.

“ಅದು ಕೈಯ ಅಭ್ಯಾಸ ಚಿಕ್ಕಕ್ಕ. ಅದಕ್ಕೆ ಬುದ್ಧಿ ಬೇಕಿಲ್ಲ. ನಾನೂ ನಿದ್ದೇಲಿ ಗೇರ್ ಹಾಕ್ತೀನಿ.”

ನಾನು ಟ್ರೇಯಿಂದ ಒಂದು ಗೆಡ್ಡೆ ತೆಗೆದೆ. ಇನ್ನೂ ಮೊಳಕೆ ಕಾಣದ ಒಂದಿತ್ತು, ಅದನ್ನು. “ನೆಡು” ಎಂದೆ.

“ನಂಗೇನು ಗೊತ್ತು?”

“ಬುದ್ಧಿ ಬೇಕಿಲ್ಲ ಅಂದ್ಯಲ್ಲ. ನೆಡು.”

ಅವನು ಆ ಕಡೆ ಈ ಕಡೆ ತಿರುಗಿಸಿ ನೋಡಿ, ನನ್ನ ಹಾಗೇ ಯೋಚಿಸಿ, ತಗ್ಗನ್ನು ಕೆಳಗೆ ಮಾಡಿ ಮಣ್ಣಿಗೆ ಒತ್ತಿದ. ಅಕ್ಕ ಮೂಗಿನಿಂದ ಒಂದು ಸದ್ದು ಹೊರಡಿಸಿದಳು. ಇವನು ಚಿಕ್ಕವನಿದ್ದಾಗ ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡು ಬಂದರೆ ಹೊರಡಿಸುತ್ತಿದ್ದ ಸದ್ದು. ಅವಳು ಕೈಚಾಚಿ ಗೆಡ್ಡೆಯನ್ನು ಕಿತ್ತು, ತಿರುಗಿಸಿ, ಅವನ ಅಂಗೈಯಲ್ಲಿ ಇಟ್ಟಳು. “ಬಾಯಿ” ಎಂದಳು. ಆಮೇಲೆ ಅವನ ಮುಖವನ್ನೇ ನೋಡಿದಳು, ಅವನು ತಲೆ ತಗ್ಗಿಸುವ ತನಕ.

ಅವನು ಆ ಗೆಡ್ಡೆಯನ್ನು ಬಾಯಿ ಮೇಲಾಗಿ ಮಣ್ಣಿಗೆ ಒತ್ತಿದ. “ನಾನು ಅಷ್ಟೆಲ್ಲ ಅಂದಾಗ...” ಎಂದ.

“ಹೂಂ” ಎಂದೆ.

ಡ್ರಾಯರಿನಿಂದ ಕಾಗದ ತೆಗೆದು, ಸಹಿಯಿಲ್ಲದೆ, ಅಕ್ಕನ ಮುಂದೆ ಇಟ್ಟೆ. “ಇದು ನಿನ್ನ ವಿಷಯ. ನಿನ್ನನ್ನೇ ಕೇಳ್ಬೇಕಿತ್ತು. ಹೋಗ್ತೀಯಾ?” ಎಂದೆ. ಅವಳು ಕಾಗದವನ್ನು ಓದಿದಳೋ ಇಲ್ಲವೋ, ಎಡಗೈಯಿಂದ ಎಳೆದು ಟ್ರೇಯ ಕೆಳಗೆ, ನೀರು ಸೋರುವ ಮೂಲೆಗೆ ತಳ್ಳಿದಳು. ನೋಡುತ್ತಿದ್ದಂತೆ ಅದು ಒದ್ದೆಯಾಯಿತು.

ತಮ್ಮ ಅಂಗೈಯ ಮಣ್ಣನ್ನು ಒರೆಸಿಕೊಂಡ. “ಬೆಳಿಗ್ಗೆ ಹೊತ್ತು ನನ್ನ ಹತ್ರ ಕಲಿಯೋರು ಕಡಿಮೆ” ಎಂದ. “ವಾರಕ್ಕೆ ಮೂರು ದಿನ ಬರ್ತೀನಿ. ಮಿಕ್ಕ ದಿನಕ್ಕೆ ಏನ್ಮಾಡೋದು ಗೊತ್ತಿಲ್ಲ.”

“ನಂಗೂ ಗೊತ್ತಿಲ್ಲ” ಎಂದೆ. ಗೊತ್ತಿಲ್ಲದ್ದು ಬೇಕಾದಷ್ಟಿತ್ತು. ನನ್ನ ಭುಜದ ನೋವು ಹಾಗೇ ಇತ್ತು, ಒಗೆಯುವ ಬಟ್ಟೆಯ ರಾಶಿಯೂ ಹಾಗೇ ಇತ್ತು.

ಅವನು ಹೋದ ಮೇಲೆ ಅಕ್ಕನ ಕುರ್ಚಿಯನ್ನು ಹಲಗೆಯ ಹತ್ತಿರಕ್ಕೆ ಸರಿಸಿ, ಟ್ರೇಯನ್ನು ಅವಳ ಕೈಗೆಟುಕುವಷ್ಟು ಕೆಳಗಿಟ್ಟು, ನಾನು ಎದುರಿಗೆ ಕೂತೆ. ಕ್ಷಮೆ ಕೇಳಬೇಕಿತ್ತು. ನಿನ್ನೆ ನಾನು ಆಡಿದ ಮಾತು ತಪ್ಪು ಅಕ್ಕ ಎಂದು ಶುರು ಮಾಡಿದೆ. ಅಲ್ಲಿಗೆ ನಿಲ್ಲಲಿಲ್ಲ. ದಂಟು ಕಿತ್ತು ಎರಡು ಗೆಡ್ಡೆ ಕೊಳೆಸಿದ್ದು, ಸಹಿ ಹಾಕಲು ಪೆನ್ನು ತೆಗೆದು ಇಟ್ಟುಕೊಂಡದ್ದು, ನಿನ್ನ ಹತ್ತಿರ ಕೂತು ಮಾತಾಡುವುದನ್ನೇ ನಾನು ಬಿಟ್ಟುಬಿಟ್ಟದ್ದು, ಎಷ್ಟು ಸುಸ್ತಾಗಿದ್ದೇನೆ ಎಂಬುದು, ಎಲ್ಲ ಬಂತು. ಹುಟ್ಟಿದಾಗಿನಿಂದ ಒಟ್ಟಿಗೆ ಅಷ್ಟು ಮಾತು ನಾನು ಆಡಿರಲಿಲ್ಲ. ನಿಲ್ಲಿಸುವುದು ಹೇಗೆ ಎಂದೂ ತಿಳಿಯದೆ ಆಡುತ್ತಲೇ ಇದ್ದೆ.

ಅಕ್ಕ ಮಣ್ಣು ಮೆತ್ತಿದ ಎಡಗೈಯನ್ನು ಎತ್ತಿ, ತೋರುಬೆರಳನ್ನು ನನ್ನ ತುಟಿಗೆ ಒತ್ತಿದಳು.

“ಬಾಯಿ” ಎಂದಳು.

ಮುಚ್ಚಿದೆ.